ಕೊನೆಯ ಖಾನೆಯ ಶಬ್ದ

ನರೇಗಲ್ಲಿನ ಮಹಾಲಿಂಗಪ್ಪನಿಗೆ ಇಂಗ್ಲೀಷು ಬರುತ್ತದೆ ಎಂಬುದರಲ್ಲಿ ಊರಿನ ಯಾರಿಗೂ ಅನುಮಾನವಿರಲಿಲ್ಲ. ಮಹಾಲಿಂಗಪ್ಪನಿಗಂತೂ ಮೊದಲೇ ಇರಲಿಲ್ಲ. ರೋಣದ ಕೋರ್ಟಿನಲ್ಲಿ ಇಪ್ಪತ್ತಾರು ವರ್ಷ ಕಾರಕೂನನಾಗಿದ್ದು, ನಿವೃತ್ತನಾಗಿ ಬಂದು, ಈಗ ಮನೆಯ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಿರುತ್ತಿದ್ದ. ಓದಿದ್ದು ಕನ್ನಡ ಏಳನೆಯ ಇಯತ್ತೆ, ಮುಲ್ಕಿ ಪಾಸು. ಇಂಗ್ಲೀಷನ್ನು ಯಾವ ಮಾಸ್ತರನೂ ಕಲಿಸಿರಲಿಲ್ಲ. ಖಟ್ಲೆಗಳ ರಜಿಸ್ಟರು ನಕಲು ಮಾಡುತ್ತ ಮಾಡುತ್ತ ಬಂದದ್ದು. ಅದು ತಲೆಗೆ ಹತ್ತಿದ್ದಕ್ಕಿಂತ ಕೈಗೆ ಹತ್ತಿದ್ದೇ ಹೆಚ್ಚು. ಪ್ರತಿ ಖಟ್ಲೆಯ ಸಾಲಿನ ಕೊನೆಯ ಖಾನೆಯಲ್ಲಿ ಬರೆಯಲು ಮೂರೇ ಶಬ್ದಗಳಿದ್ದವು: ಕನ್ವಿಕ್ಟೆಡ್, ಅಕ್ವಿಟೆಡ್, ಡಿಸ್‌ಚಾರ್ಜ್ಡ್. ಈ ಮೂರನ್ನು ಅವನು ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ. ಸಾಹೇಬರು ಹೊಗಳಿದ್ದೂ ಉಂಟು.

ಊರಿಗೆ ಬಂದ ತಂತಿಯ ತಾರು, ನೋಟೀಸು, ಔಷಧದ ಬಾಟಲಿಯ ಚೀಟಿ ಎಲ್ಲವೂ ಅವನ ಕಟ್ಟೆಗೇ ಬರುತ್ತಿದ್ದವು. ಒಮ್ಮೆ ಬಾಟಲಿಯ ಮೇಲೆ ಅಲ್ಲಾಡಿಸಿ ಕುಡಿಯಿರಿ ಎಂದಿದ್ದ ‘ಶೇಕ್’ ಎಂಬುದನ್ನು ಔಷಧ ಮಾಡಿದ ಯಾವನೋ ಶೇಖಸಾಹೇಬನ ಹೆಸರೆಂದು ಓದಿ ಹೇಳಿದ್ದ. ಕುಡಿದವನು ಗುಣವಾದದ್ದರಿಂದ ಆ ಮಾತು ಅಲ್ಲಿಗೇ ಮುಗಿಯಿತು. ಮುಗಿಯಬಾರದಿತ್ತು. ಆವತ್ತೇ ಯಾರಾದರೂ ನಕ್ಕಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತೋ ಏನೋ.

ಐವತ್ನಾಲ್ಕನೆಯ ಇಸವಿಯ ಮೇ ತಿಂಗಳು, ಸಂತೆಯ ದಿನ. ಟಪಾಲಿನ ನಜೀರಸಾಬ ಫಕೀರವ್ವನ ಮನೆಗೆ ಒಂದು ತಾರು ತಂದುಕೊಟ್ಟ. ಫಕೀರವ್ವ ಗಂಡ ತೀರಿಹೋದ ಹೆಂಗಸು. ಮಗ ಹಾಲಸಿದ್ದಪ್ಪ ಸೊಲ್ಲಾಪುರದ ಗಿರಣಿಯಲ್ಲಿದ್ದ, ಮಗಳು ರೇಣವ್ವನನ್ನು ಲಕ್ಕಲಕಟ್ಟಿಯ ಅಜ್ಜಪ್ಪನ ಮಗನಿಗೆ ನಿಶ್ಚಯ ಮಾಡಿತ್ತು. ಮದುವೆಗೆ ಇಪ್ಪತ್ತು ದಿನವಿತ್ತು. ತಾರು ಎಂದರೆ ಸಾವಿನ ಸುದ್ದಿ ಎಂದೇ ಆಗ ಜನ ತಿಳಿಯುತ್ತಿದ್ದರು. ಫಕೀರವ್ವ ಆ ಕಾಗದವನ್ನು ಬರಿಗೈಯಿಂದ ಮುಟ್ಟಲೂ ಹೆದರಿ, ಸೆರಗಿನಲ್ಲಿ ಹಿಡಿದುಕೊಂಡು ಕಟ್ಟೆಯ ಹತ್ತಿರ ಓಡಿಬಂದಳು.

“ಯಪ್ಪಾ, ಸೊಲ್ಲಾಪುರದಿಂದ ತಾರ ಬಂದೈತ್ರೀ. ನನ್ನ ಮಗಾ ಇದ್ದಾನೋ ಇಲ್ಲೋ, ಅಷ್ಟ ಹೇಳಿಬಿಡ್ರಿ ಮೊದಲ.”

ಸಂತೆಗೆ ಬಂದ ಎಂಟು ಹತ್ತು ಮಂದಿ ಕಟ್ಟೆಯ ಸುತ್ತ ಸೇರಿದರು. ಮಹಾಲಿಂಗಪ್ಪ ಚಾಳೀಸು ತೆಗೆದು, ಧೋತರದ ಚುಂಗಿನಿಂದ ಒರೆಸಿ, ಮೂಗಿಗೇರಿಸಿ, ಮೊದಲು ತನ್ನಷ್ಟಕ್ಕೇ ಒಮ್ಮೆ ಓದಿಕೊಂಡ. ಅಷ್ಟು ಹೊತ್ತು ಆ ತಾಯಿ ಉಸಿರು ಹಿಡಿದು ನಿಂತಿದ್ದಳು. ಕಾಯಿಸುವುದರಲ್ಲಿ ಅವನಿಗೆ ಒಂದು ರುಚಿ ಇತ್ತು, ಇದನ್ನು ಆಮೇಲೆ ಅವನೇ ಒಪ್ಪಿಕೊಂಡ.

“ಇದ್ದಾನ. ಬುಧವಾರ ಅಲ್ಲಿಂದ ಹೊಂಡತಾನ,” ಎಂದ.

“ಅಷ್ಟ ಏನ್ರೀ?”

“ನಡುವ ಒಂದ ಮಾತೈತಿ. ಡಿಸ್‌ಚಾರ್ಜ್ಡ್. ಅಂದ್ರ ಅಂವನ್ನ ಬಿಟ್ಟಾರ.”

“ಬಿಟ್ಟಾರಂದ್ರ? ಯಾರ ಬಿಟ್ಟಾರ್ರೀ? ಎಲ್ಲಿಂದ ಬಿಟ್ಟಾರ?”

ಇಲ್ಲಿ ಅವನು ಗೊತ್ತಿಲ್ಲ ಎನ್ನಬಹುದಿತ್ತು. ತಾರಿನಲ್ಲಿ ಅದು ಇರಲಿಲ್ಲ. ಆದರೆ ಆ ಕಟ್ಟೆಯ ಮೇಲೆ ಕೂತು ಅವನು ಗೊತ್ತಿಲ್ಲ ಎಂದದ್ದನ್ನು ಯಾರೂ ಕೇಳಿರಲಿಲ್ಲ.

“ಮತ್ತ್ಯಾರ? ಕೋರ್ಟಿನವರು.”

ಫಕೀರವ್ವ ನಿಂತಲ್ಲೇ ಕುಸಿದು ಕೂತಳು. ಮಂದಿ ಇನ್ನಷ್ಟು ಹತ್ತಿರ ಬಂದರು. ಯಾರೋ ಒಬ್ಬ, “ಬಿಟ್ಟಾರಂದ್ರ ಚಲೋ ಆತಲ್ರೀ?” ಎಂದು ಸಮಾಧಾನದ ಮಾತಾಡಿದ. ಮಹಾಲಿಂಗಪ್ಪ ತಲೆ ಅಲ್ಲಾಡಿಸಿದ. ತನಗೆ ಗೊತ್ತಿದ್ದ ಒಂದೇ ಒಂದು ಸೂಕ್ಷ್ಮವನ್ನು ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವಂತಿರಲಿಲ್ಲ.

“ಅಲ್ಲೇ ಮಂದಿ ತಪ್ಪ ತಿಳಕೋತಾರ ನೋಡ್ರಿ. ಅಕ್ವಿಟ್ ಬ್ಯಾರೆ, ಡಿಸ್‌ಚಾರ್ಜ್ ಬ್ಯಾರೆ. ಅಕ್ವಿಟ್ ಅಂದ್ರ ಇಂವಾ ನಿರ್ದೋಷಿ, ಮುಗೀತು. ಡಿಸ್‌ಚಾರ್ಜ್ ಅಂದ್ರ ಹಂಗಲ್ಲ. ಪುರಾವೆ ಸಾಲಲಿಲ್ಲ, ಸದ್ಯಕ್ಕ ಬಿಟ್ಟಾರ. ನಾಳೆ ಪುರಾವೆ ಸಿಕ್ರ ಮತ್ತ ಹಿಡೀಬಹುದು. ಕಳವೋ, ಬಡದಾಟವೋ, ಏನಂತ ಇದರಾಗ ಬರದಿಲ್ಲ.”

ಕಳವು ಎಂಬ ಶಬ್ದ ಅವನ ಬಾಯಿಂದ ಬಿದ್ದದ್ದೇ ತಡ, ಸಂತೆಯ ತುಂಬ ಹರಿದಾಡಿತು. ಮೆಣಸಿನಕಾಯಿ ಚೀಲ ಹೊತ್ತು ನಿಂತಿದ್ದ ಲಕ್ಕಲಕಟ್ಟಿಯವನೊಬ್ಬ ಚೀಲ ಇಳಿಸಿ ಎಲ್ಲವನ್ನೂ ಕೇಳಿಕೊಂಡು ಹೋದ. ಒಳಗಿನಿಂದ ಹೆಂಡತಿ ಸಿದ್ದಲಿಂಗವ್ವ, “ಕೇಳಿದ್ದೊಂದು, ನೀವು ಹೇಳಿದ್ದ ಒಂದ ಪುರಾಣ. ಅಷ್ಟೆಲ್ಲಾ ಯಾಕ ಬೇಕಿತ್ತು?” ಎಂದಳು. ಕಾಯ್ದೆಯ ಮಾತು ಹೆಂಗಸರಿಗೆ ತಿಳಿಯುವುದಿಲ್ಲ ಎಂದು ಅವನು ಗದರಿದ.

ಗುರುವಾರ ಮಧ್ಯಾಹ್ನ ಗದಗಿನ ಬಸ್ಸಿನಿಂದ ಹಾಲಸಿದ್ದಪ್ಪ ಇಳಿದ. ತಲೆ ನುಣ್ಣಗೆ ಬೋಳಿಸಿತ್ತು, ಕೆನ್ನೆ ಒಳಗೆ ಹೋಗಿದ್ದವು, ಅಂಗಿ ಜೋತು ಬಿದ್ದಿತ್ತು. ನೋಡಿದವರು ಮುಖ ಮುಖ ನೋಡಿಕೊಂಡರು. ಜೇಲಿನಲ್ಲಿ ತಲೆ ಬೋಳಿಸುತ್ತಾರೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮನೆಗೆ ಹೋಗಿ ಅರ್ಧ ತಾಸೂ ಆಗಿರಲಿಕ್ಕಿಲ್ಲ, ಅವನು ನೇರವಾಗಿ ಕಟ್ಟೆಗೆ ಬಂದ. ನಡೆದ ಆಯಾಸಕ್ಕೆ ಕಟ್ಟೆಯ ಅಂಚು ಹಿಡಿದು ನಿಂತ.

“ಅಜ್ಜಾರ, ನಾ ದವಾಖಾನ್ಯಾಗಿದ್ದೆ. ವಿಷಮಜ್ವರ, ಇಪ್ಪತ್ತೆರಡ ದಿವಸ. ಜ್ವರಕ್ಕಂತ ತಲೀನೂ ಅಲ್ಲೇ ಬೋಳಿಸಿದ್ರು. ಮದಿವಿ ಮನಿ, ಅವ್ವ ಗಾಬರಿ ಆಕ್ಕಾಳಂತ ಊರಿಗೆ ತಿಳಸಿರಲಿಲ್ಲ. ತಿಳಸೀನಿ ಅಂತ ನನ್ನ ಖೋಲಿ ಗೆಳ್ಯಾಗ ಸುಳ್ಳ ಹೇಳಿದ್ದೆ. ಅಂವಾ ಪಾಪ, ದವಾಖಾನ್ಯಾಗಿಂದ ಬಿಟ್ರು ಅಂತ ತಾರ ಕೊಟ್ಟಾನ. ಅಲ್ಲಿ ನರ್ಸಬಾಯಾರು ದಿನಾ ಅಂತಿದ್ರು, ಇವಗ ನಾಳೆ ಡಿಸ್‌ಚಾರ್ಜ್, ಅವಗ ನಾಡದ ಡಿಸ್‌ಚಾರ್ಜ್ ಅಂತ.”

“ದವಾಖಾನಿಗೂ ಡಿಸ್‌ಚಾರ್ಜಿಗೂ ಏನ ಸಂಬಂಧೋ ತಮ್ಮಾ? ಇಪ್ಪತ್ತಾರ ವರ್ಷ ಆ ಶಬ್ದ ಬರದೀನಿ ನಾನು.”

“ಖರೇನ ಅಜ್ಜಾರ.”

“ಹೋಗು, ಬಿಸಲಾಗ ನಿಂದರಬ್ಯಾಡ,” ಎಂದ ಮಹಾಲಿಂಗಪ್ಪ. ದನಿಯಲ್ಲಿ ಕೋರ್ಟು ಇತ್ತು. ಆದರೆ ಹುಡುಗ ತಿರುಗಿ ಹೋಗುವಾಗ ಅವನ ಕುತ್ತಿಗೆಯ ಎಲುಬು ಎದ್ದು ಕಾಣುವುದನ್ನು ಓಣಿಯ ತಿರುವಿನ ತನಕ ನೋಡುತ್ತಿದ್ದ.

ಆ ಎಲುಬು ಮರುದಿನವೂ ಕಣ್ಣ ಮುಂದಿನಿಂದ ಹೋಗಲಿಲ್ಲ. ಬೇಸಿಗೆ ಸೂಟಿಯಾದ್ದರಿಂದ ಸಾಲೆಯ ಮಾಸ್ತರರೆಲ್ಲ ತಂತಮ್ಮ ಊರಿಗೆ ಹೋಗಿದ್ದರು, ಕೇಳಲು ಇಂಗ್ಲೀಷು ಬಲ್ಲವರು ಇನ್ನೊಬ್ಬರಿರಲಿಲ್ಲ. ಇದ್ದಿದ್ದರೂ ಅವನು ಕೇಳುತ್ತಿರಲಿಲ್ಲ ಬಿಡಿ. ಸಾಲೆಯ ಶಿಪಾಯಿ ಮಲಿಕಸಾಬನ ಹತ್ತಿರ ಕೀಲಿ ಇತ್ತು. ಏನೋ ಸಣ್ಣ ಕೆಲಸವಿದೆ ಎಂದು ಹೇಳಿ ಮಹಾಲಿಂಗಪ್ಪ ಬಾಗಿಲು ತೆಗೆಸಿದ. ಪುಸ್ತಕದ ಕಪಾಟಿನಿಂದ ಇಂಗ್ಲೀಷು-ಕನ್ನಡ ನಿಘಂಟನ್ನು ಇಳಿಸಿಕೊಂಡು ಹುಡುಗರ ಬಾಕಿನ ಮೇಲೆ ಕೂತ.

ಶಬ್ದ ಸಿಕ್ಕಿತು. ಅದರ ಕೆಳಗೆ ಅಂಕಿ ಹಾಕಿ ಅರ್ಥಗಳನ್ನು ಬರೆದಿದ್ದರು. ಹಡಗಿನ ಅಥವಾ ಬಂಡಿಯ ಹೇರನ್ನು ಇಳಿಸು. ಬಂದೂಕು ಹಾರಿಸು. ಹುಣ್ಣಿನಿಂದ ಕೀವು ಸೋರು. ನದಿಯು ಸಮುದ್ರಕ್ಕೆ ನೀರನ್ನು ಬಿಡು. ನೌಕರನನ್ನು ಕೆಲಸದಿಂದ ತೆಗೆ. ಸಿಪಾಯಿಯನ್ನು ದಂಡಿನಿಂದ ಬಿಡುಗಡೆ ಮಾಡು. ಕರ್ತವ್ಯವನ್ನು ನೆರವೇರಿಸು. ಎಂಟನೆಯದು: ಗುಣವಾದ ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸು. ಅವನು ಇಪ್ಪತ್ತಾರು ವರ್ಷ ಬರೆದ ಅರ್ಥ ಎಲ್ಲಕ್ಕೂ ಕೆಳಗೆ, ಹನ್ನೊಂದನೆಯ ಅಂಕಿಯ ಮುಂದಿತ್ತು.

ಮಹಾಲಿಂಗಪ್ಪನ ಕಿವಿ ಕಾದವು. ಎಂಟನೆಯದನ್ನು ಮತ್ತೆ ಮತ್ತೆ ಓದಿದ. ಆಮೇಲೆ ಇನ್ನೊಂದು ಹೊಳೆಯಿತು, ಅದು ಇದಕ್ಕಿಂತ ಕೆಟ್ಟದ್ದು. ಬಿಡು ಎಂಬ ನಮ್ಮ ಶಬ್ದವೊಂದು ಇತ್ತಲ್ಲ! ಗುಂಡು ಬಿಡುತ್ತಾರೆ, ನೀರು ಬಿಡುತ್ತಾರೆ, ಸಾಲೆ ಬಿಡುತ್ತದೆ, ನೌಕರಿ ಬಿಡಿಸುತ್ತಾರೆ, ಕಳ್ಳನನ್ನು ಬಿಡುತ್ತಾರೆ, ರೋಗಿಯನ್ನು ಬಿಡುತ್ತಾರೆ, ಜ್ವರ ತಾನಾಗಿಯೇ ಬಿಡುತ್ತದೆ. ‘ಅಂವನ್ನ ಬಿಟ್ಟಾರ’ ಎಂದು ಅವನೇ ಮೊದಲು ಹೇಳಿದ್ದ. ಅದು ಸರಿಯಾಗಿಯೇ ಇತ್ತು. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ, ಎರಡು ದಿನದಲ್ಲಿ ಮಗ ಬಂದು ಉಳಿದದ್ದನ್ನು ಹೇಳುತ್ತಿದ್ದ. ಏಳನೆಯ ಇಯತ್ತೆಯ ಕನ್ನಡ ಸಾಕಾಗಿತ್ತು. ಹಾಳಾದದ್ದೆಲ್ಲ ಅದರ ಮೇಲೆ ಅವನು ಹೇರಿದ ಇಂಗ್ಲೀಷಿನಿಂದ.

“ಸಿಕ್ತೇನ್ರಿ ಸಾಹೇಬ್ರ?” ಎಂದು ಬಾಗಿಲಲ್ಲಿ ನಿಂತ ಮಲಿಕಸಾಬ ಕೇಳಿದ.

“ಇಲ್ಲಪಾ, ಇದರಾಗ ಇಲ್ಲ,” ಎಂದು ಅವನು ಪುಸ್ತಕ ಮುಚ್ಚಿದ.

ರವಿವಾರ ಲಕ್ಕಲಕಟ್ಟಿಯಿಂದ ಅಜ್ಜಪ್ಪ ಇಬ್ಬರು ಹಿರಿಯರನ್ನು ಕರೆದುಕೊಂಡು ಫಕೀರವ್ವನ ಮನೆಗೆ ಬಂದ. ಜಗಳಕ್ಕೆ ಬಂದವನಲ್ಲ, ಮೆತ್ತಗಿನ ಮನುಷ್ಯ, ಮಾತಿಗೆ ಬೆಲೆ ಕೊಡುವವನು. ಓಣಿಯ ಹಿರಿಯರೂ ಕೂತಿದ್ದರು. ಹಾಲಸಿದ್ದಪ್ಪ ದವಾಖಾನೆಯ ಕಾರ್ಡನ್ನು ಅವರ ಮುಂದಿಟ್ಟಿದ್ದ. ಅದು ಇಂಗ್ಲೀಷಿನಲ್ಲಿತ್ತು. ಓದಲು ಕರೆಸಿದ್ದು ಯಾರನ್ನು ಎಂದು ಬೇರೆ ಹೇಳಬೇಕಿಲ್ಲ.

ದಾರಿಯುದ್ದಕ್ಕೂ ಮಹಾಲಿಂಗಪ್ಪ ನಿರ್ಧಾರ ಮಾಡಿಕೊಂಡೇ ಬಂದಿದ್ದ. ನಂದು ತಪ್ಪಾತು, ನನಗ ಗೊತ್ತಿರಲಿಲ್ಲ. ಇಷ್ಟೇ ಹೇಳಬೇಕಾದ್ದು. ಇದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ.

“ಕಾರಕೂನ ಸಾಹೇಬ್ರ, ನೀವು ಹೇಳಿದ್ದಕ್ಕ ನಾವು ಎರಡ ಮಾತಾಡೂದಿಲ್ಲ,” ಎಂದ ಅಜ್ಜಪ್ಪ. “ಇದರಾಗ ಏನ ಬರದೈತಿ, ಅಷ್ಟ ಓದಿ ಹೇಳ್ರಿ.”

ಅವನು ಕಾರ್ಡು ಕೈಗೆ ತೆಗೆದುಕೊಂಡ. ತಲೆಯ ಮೇಲೆಯೇ ದೊಡ್ಡ ಅಕ್ಷರಗಳಲ್ಲಿ ಅದೇ ಶಬ್ದ ಅಚ್ಚಾಗಿತ್ತು. ಕೆಳಗೆ ಹಾಲಸಿದ್ದಪ್ಪನ ಹೆಸರು, ಜ್ವರದ ಹೆಸರು, ಬಂದ ತಾರೀಖು, ಬಿಟ್ಟ ತಾರೀಖು. ಮನೆಯೊಳಗೆ ಬಾಗಿಲ ಸಂದಿಯಲ್ಲಿ ರೇಣವ್ವನ ಸೀರೆಯ ಅಂಚು ಕಾಣುತ್ತಿತ್ತು. ಹತ್ತು ಮುಖಗಳು ಅವನ ಬಾಯಿಯನ್ನೇ ನೋಡುತ್ತಿದ್ದವು. ಇಷ್ಟು ವರ್ಷ ಅವು ನೋಡುತ್ತಿದ್ದದ್ದೇ ಹಾಗೆ, ಅವನಿಗೆ ಅದು ಊಟದಷ್ಟೇ ರೂಢಿಯಾಗಿತ್ತು.

“ದವಾಖಾನಿ ಕಾರ್ಡ ಖರೇ,” ಎಂದ. “ಜ್ವರ ಬಂದಿದ್ದೂ ಖರೇ.”

“ಹಂಗಾರ ತಾರಿನ್ಯಾಗ ಬಂದಿದ್ದು?”

ಈಗ ಹೇಳು, ಎಂದು ಒಳಗಿನಿಂದ ಯಾರೋ ತಿವಿದ ಹಾಗಾಯಿತು.

“ತಾರಿಂದು ತಾರಿಂದು, ಕಾರ್ಡಿಂದು ಕಾರ್ಡಿಂದು,” ಎಂದ. ಹಾಗೆಂದದ್ದು ತಾನೇ ಎಂದು ನಂಬಲು ಅವನಿಗೆ ಒಂದು ಗಳಿಗೆ ಹಿಡಿಯಿತು.

ಅಜ್ಜಪ್ಪ ಕಾರ್ಡನ್ನು ಇಸಿದುಕೊಂಡು ತಿರುವಿ ನೋಡಿದ. “ಒಂದ ಕೇಳತೀನ್ರಿ. ಜೇಲಿನ್ಯಾಗೂ ದವಾಖಾನಿ ಇರತಾವೇನ್ರಿ?”

“ಇರತಾವ.”

ಹೇಳಿದ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಎಲ್ಲ ಕೂಡಿ ಮಹಾ ಸುಳ್ಳಾಗಿತ್ತು. ಹಾಲಸಿದ್ದಪ್ಪ ಸಿಟ್ಟಿಗೇಳಲಿಲ್ಲ, ಕೂಗಾಡಲಿಲ್ಲ; ಇಷ್ಟು ದೊಡ್ಡ ಮನುಷ್ಯ ಹೀಗೆ ಮಾಡುವುದುಂಟೇ ಎಂಬ ಆಶ್ಚರ್ಯದಿಂದ ಅವನನ್ನು ನೋಡಿದ. ಆ ನೋಟವನ್ನು ತಡೆಯಲಾರದೆ ಮಹಾಲಿಂಗಪ್ಪ ಚಾಳೀಸು ತೆಗೆದು ಒರೆಸತೊಡಗಿದ. ಅಜ್ಜಪ್ಪ ಎದ್ದುನಿಂತು, ತಮ್ಮ ಹುಡುಗನಿಗೆ ಈ ವರ್ಷ ಮದುವೆಯ ಯೋಗವಿಲ್ಲವೆಂದು ಸ್ವಾಮಿಗಳು ಹೇಳಿದ್ದಾರೆ, ತಪ್ಪು ತಿಳಿಯಬೇಡಿರೆಂದು ಕೈಮುಗಿದ. ಫಕೀರವ್ವ ತಂದಿಟ್ಟ ನೀರನ್ನು ಯಾರೂ ಮುಟ್ಟಲಿಲ್ಲ. ಬಾಗಿಲ ಸಂದಿಯ ಸೀರೆಯ ಅಂಚು ಒಳಗೆ ಸರಿಯಿತು.

ಅಂದಿನಿಂದ ಮಹಾಲಿಂಗಪ್ಪನಿಗೆ ಅನ್ನ ಸೇರಲಿಲ್ಲ. ಕಟ್ಟೆಯ ಮೇಲೆ ಕೂಡುವುದನ್ನು ಬಿಟ್ಟು ಒಳಗಿನ ಖೋಲಿಯಲ್ಲಿ ಗೋಡೆ ನೋಡುತ್ತ ಕೂತ. ಗೊತ್ತಿಲ್ಲದೆ ಆಡಿದ್ದು ಒಂದು ತೂಕ. ಗೊತ್ತಿದ್ದೂ ಆಡಿದ್ದು ಎದೆಯ ಮೇಲೆ ಕಲ್ಲು ಹೇರಿದಂತೆ ಕೂತಿತ್ತು. ಮೂರನೆಯ ದಿನ ಸಿದ್ದಲಿಂಗವ್ವನಿಗೆ ಎಲ್ಲವನ್ನೂ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

“ನನ್ನ ಮುಂದ ಹೇಳಿ ಏನ ಮಾಡತೀರಿ? ಲಕ್ಕಲಕಟ್ಟಿಗೆ ಹೋಗಿ ಹೇಳ್ರಿ,” ಎಂದಳು.

ಮರುದಿನ ನಸುಕಿನಲ್ಲಿ ಎದ್ದು ಗಜೇಂದ್ರಗಡದ ಬಸ್ಸು ಹತ್ತಿ, ಅಲ್ಲಿಂದ ಬಿಸಿಲಲ್ಲಿ ನಡೆದು ಅವನು ಅಜ್ಜಪ್ಪನ ಮನೆ ಮುಟ್ಟಿದ. ಮನೆಯವರು ಗಡಿಬಿಡಿಯಿಂದ ಕಾಲಿಗೆ ನೀರು ಕೊಟ್ಟು, ಜಮಖಾನೆ ಹಾಸಿದರು. ಕಾರಕೂನ ಸಾಹೇಬರು ಮನೆ ತನಕ ಬಂದರೆಂದು ಅಜ್ಜಪ್ಪನಿಗೆ ಏನು ಮಾಡಲೂ ತೋಚಲಿಲ್ಲ. ಮಹಾಲಿಂಗಪ್ಪ ಕೂಡಲೂ ಇಲ್ಲ.

“ಅಜ್ಜಪ್ಪ, ನಾ ತಪ್ಪ ಓದೀನಿ. ಆ ಶಬ್ದಕ್ಕ ಹನ್ನೊಂದ ಅರ್ಥ ಅದಾವ. ನನಗ ಒಂದ ಗೊತ್ತಿತ್ತು. ಹುಡುಗ ದವಾಖಾನ್ಯಾಗ ಇದ್ದಿದ್ದ ಖರೇ, ಕೋರ್ಟೂ ಇಲ್ಲ, ಕಳವೂ ಇಲ್ಲ. ಮನಿತನ ಬಂಗಾರದಂಥಾದ್ದು, ಮದಿವಿ ಮುರೀಬ್ಯಾಡ.”

ಅಜ್ಜಪ್ಪ ಬೆರಗಾಗಿ ಕೇಳುತ್ತಿದ್ದವನು ಮೆಲ್ಲಗೆ ನಕ್ಕ. “ಒಂದ ಶಬ್ದಕ್ಕ ಹನ್ನೊಂದ ಅರ್ಥ ಇದ್ರ ಇಂಗ್ಲೀಷರು ರಾಜ್ಯಾ ಹ್ಯಾಂಗ ಆಳಿದ್ರಿ ಸಾಹೇಬ್ರ?”

“ನಮ್ಮ ಮಾತಿನ್ಯಾಗ ಇಲ್ಲೇನು? ಜ್ವರಾನೂ ಬಿಡತೈತಿ, ಪೋಲೀಸ್ರೂ ಬಿಡತಾರ. ಬಿಟ್ರು ಅಂದ್ರ ಏನಂತ ತಿಳಕೋತಿ?”

“ಅದ ನಮಗ ತಿಳೀತೈತ್ರಿ, ಅದಕ್ಕ ಓದಿದವರು ಬೇಕಾಗೂದಿಲ್ಲ. ಇಪ್ಪತ್ತಾರ ವರ್ಷ ಕೋರ್ಟಿನ್ಯಾಗ ಕುಂತವರು ನೀವು. ನಿಮಗ ಗೊತ್ತಿರಲಿಲ್ಲ ಅಂದ್ರ ಸಣ್ಣ ಹುಡುಗೂ ನಂಬೂದಿಲ್ಲ.” ಅವನು ಹತ್ತಿರ ಬಂದು ದನಿ ಇಳಿಸಿದ. “ನನಗ ತಿಳೀತ್ರಿ. ಒಂದ ಬಡವರ ಹುಡುಗಿ ಬಾಳೇವು ಆಗಲಿ ಅಂತ ನಿಮ್ಮ ಹೆಸರಿಗೆ ನೀವ ಮಸಿ ಬಳಕೊಳ್ಳಾಕ ಬಂದೀರಿ. ಇಂಥಾ ದೊಡ್ಡಗುಣ ನಾ ಎಲ್ಲೂ ನೋಡಿಲ್ಲ. ಖರೇ ಆಗಿದ್ರ ಆವತ್ತ ಕಾರ್ಡ ಕೈಯಾಗಿತ್ತು, ಹತ್ತ ಮಂದಿ ಹಿರೇರು ಕುಂತಿದ್ರು. ಆವತ್ತ ಅಂತಿದ್ರಿ.”

ಆವತ್ತು ಹೆದರಿದೆ, ಮಾನಕ್ಕೆ ಹೆದರಿದೆ ಎಂದು ಮಹಾಲಿಂಗಪ್ಪ ತೊದಲಿದ. ಅಜ್ಜಪ್ಪ ಅದನ್ನೂ ದೊಡ್ಡಗುಣದ ಲೆಕ್ಕಕ್ಕೇ ಹಿಡಿದು ಕೈಮುಗಿದ. ಊಟ ಮಾಡದೆ ಬಿಡಲಿಲ್ಲ. ರೊಟ್ಟಿ, ಪುಂಡಿಪಲ್ಲೆ, ಕೆನೆಮೊಸರು ಬಡಿಸಿ ಮನೆಮಂದಿಯೆಲ್ಲ ನಿಂತು ಉಪಚಾರ ಮಾಡಿದರು. ನಾಚಿಕೊಂಡು ಉಣ್ಣಲು ಕೂತರೂ ಹಸಿದಿದ್ದ ಮುದುಕ ತಾಟು ಖಾಲಿ ಮಾಡಿದ. ಅದಕ್ಕೂ ನಾಚಿದ.

ಸಂಜೆ ಹೊತ್ತಿಗೆ ಊರಿಗೆ ಬಂದರೆ ಕಟ್ಟೆಯ ಕೆಳಗೆ ಫಕೀರವ್ವ ಕೂತಿದ್ದಳು. ಅವನು ಲಕ್ಕಲಕಟ್ಟಿಗೆ ಹೋದದ್ದು ಸಿದ್ದಲಿಂಗವ್ವನಿಂದ ಗೊತ್ತಾಗಿತ್ತು. ಅವನನ್ನು ಕಂಡವಳೇ ಎದ್ದು ಬಂದು ಕಾಲು ಮುಟ್ಟಿದಳು.

“ನಮ್ಮ ಸಲುವಾಗಿ ಬಿಸಲಾಗ ಅಷ್ಟ ದೂರ ಹೋಗಿದ್ರಂತಲ್ರೀ ಯಪ್ಪಾ.”

“ಫಕೀರವ್ವ, ಏಳವ್ವಾ. ನಾ ಹೇಳೂದ ಕೇಳು,” ಎಂದ. “ನಿನ್ನ ಮಗಾ ಖರೇ ಹೇಳ್ಯಾನ. ಅಂವಾ ದವಾಖಾನ್ಯಾಗ ಇದ್ದ. ನಾ ಓದಿದ್ದ ತಪ್ಪು. ನನಗ ಇಂಗ್ಲೀಷ್ ಬರೂದಿಲ್ಲ.”

ಎದುರು ಮನೆಯವರು ಕೇಳುವಷ್ಟು ಗಟ್ಟಿಯಾಗಿ ಹೇಳಿದ. ಇಷ್ಟು ದಿನ ಊರಲ್ಲಿ ಆಡಲಾಗದ ಮಾತು ಹೊರಗೆ ಬಂತೆಂದು ಒಂದು ಕ್ಷಣ ಎದೆ ಹಗುರವೂ ಆಯಿತು. ಫಕೀರವ್ವ ಅವನನ್ನೇ ನೋಡಿದಳು. ಅವಳ ಕಣ್ಣು ತುಂಬಿದವು.

“ಹಂಗ ಅನಬ್ಯಾಡ್ರಿ ಯಪ್ಪಾ. ನಮ್ಮಂಥವರ ಸಲುವಾಗಿ ನೀವು ಹಂಗ ಅಂದ್ರ ನಮಗ ಪಾಪ ಹತ್ತತೈತಿ. ಹೆತ್ತಾಕಿಗೆ ಗೊತ್ತಾಗೂದಿಲ್ಲೇನ್ರೀ? ಜ್ವರ ಬಂದಿದ್ರ ತಾಯಿಗೆ ಒಂದ ಕಾರ್ಡರ ಬರೀತಿದ್ದಿಲ್ಲೇನು ಅಂವಾ? ಜೇಲಿಗೆ ಹೋಗಿದ್ದೇನು ಅಂತ ಇವತ್ತ ಮುಂಜಾನೆ ಮುಖಾಮುಖಿ ಕೇಳಿದೆ. ಇಲ್ಲ ಅಂತಾನ. ನಿಮ್ಮಂಥಾ ಹಿರೇರು ಸುಳ್ಳೋ, ಇಂವಾ ಸುಳ್ಳೋ? ತಂಗಿ ಬಾಳೇವು ಹಾಳ ಮಾಡಿದಿ, ಇನ್ನ ಈ ಹೊಸ್ತಿಲಾ ತುಳೀಬ್ಯಾಡ ಅಂತ ಹೇಳಿ ಕಳಿಸಿಬಿಟ್ಟೀನ್ರಿ.”

“ಯಾವಾಗ?” ಎಂದ ಮಹಾಲಿಂಗಪ್ಪ.

“ಗದಗಿನ ಮೊದಲನೇ ಬಸ್ಸಿಗೆ ಹೋದನ್ರಿ. ನಿಂತು ನಿಂತು ಹೊಳ್ಳಿ ನೋಡಿದ. ನಾ ಬಾಗಲಾ ಹಾಕ್ಕೊಂಡೆ.”

ನನಗ ಇಂಗ್ಲೀಷ್ ಬರೂದಿಲ್ಲ ಎಂದು ಅವನು ಮತ್ತೊಮ್ಮೆ ಹೇಳಿದ. ಅವಳು ಮತ್ತೊಮ್ಮೆ ಅವನ ಕಾಲು ಮುಟ್ಟಿದಳು.